ಮನೆಯಿಂದಲೇ ಕೆಲಸ, ಲೈಟ್ ಬಿಲ್ 1,871 ರೂಪಾಯಿ. ಗೃಹಜ್ಯೋತಿ ಇದ್ದೂ ಹೀಗ್ಯಾಕೆ?

ಕೇಶ್ವಾಪುರದಾಕಿ

ಎಲ್ಲರಿಗೂ ನಮಸ್ಕಾರ್ರೀ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ, ತಲೆ ಕೆಟ್ಟು ಹೋಗಿದೆ.

ನಮ್ಮದು ಹುಬ್ಬಳ್ಳಿ ಕೇಶ್ವಾಪುರ. ಸ್ವಂತ ಮನೆ, ಅಪ್ಪ, ಅವ್ವ, ನಾನು, ಮೂರೇ ಮಂದಿ. ಮೊದಲು ನಾನು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೆ. ಆಮೇಲೆ ನಮ್ಮ ಕಂಪನಿಯವರು ಆಫೀಸಿನ ಒಂದು ಮಹಡಿಯನ್ನೇ ಖಾಲಿ ಮಾಡಿದರು, ನಮ್ಮ ಟೀಮಿನವರಿಗೆ ಊರಿಂದಲೇ ಕೆಲಸ ಮಾಡಿ ಅಂದರು. ಖುಷಿಯಿಂದ ಬಂದೆ. ಪಡಸಾಲೆಯ ಕಿಟಕಿ ಪಕ್ಕ ಟೇಬಲ್ ಹಾಕಿಕೊಂಡು ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಅಲ್ಲೇ ಇರುತ್ತೇನೆ.

ಗೃಹಜ್ಯೋತಿ ಶುರುವಾದಾಗ ಮನೆಯಲ್ಲಿ ಇದ್ದವರು ಅಪ್ಪ ಅವ್ವ ಇಬ್ಬರೇ. ಪ್ರತಿ ತಿಂಗಳು ಸೊನ್ನೆ ಬಿಲ್. ಅಪ್ಪ ಆ ಬಿಲ್ಲುಗಳನ್ನೆಲ್ಲ ಕ್ಯಾಲೆಂಡರ್ ಹಿಂದಿನ ಮೊಳೆಗೆ ಚುಚ್ಚಿ ಇಟ್ಟಿದ್ದಾರೆ. ನಾನು ಬಂದ ಮೇಲೆ ಮುನ್ನೂರು, ನಾನೂರು ಅಂತ ಬರೋಕೆ ಶುರುವಾಯ್ತು, ಮಾರ್ಚ್‌ನಲ್ಲಿ ಆರುನೂರು ದಾಟಿತು. ಸರಿ, ನಾನು ಬಂದಿದ್ದೇನಲ್ಲ, ಜಾಸ್ತಿ ಆಗೋದು ಸಹಜ ಅಂದುಕೊಂಡೆ. ಆದರೆ ಈ ಮೇ ತಿಂಗಳ ಬಿಲ್ (2025) ನೋಡಿ ಅಪ್ಪ ಅರ್ಧ ಗಂಟೆ ಮಾತೇ ಆಡಲಿಲ್ಲ. 214 ಯೂನಿಟ್, 1,871 ರೂಪಾಯಿ.

ಮಾರ್ಚ್‌ಗೂ ಇದಕ್ಕೂ ಹೆಚ್ಚೆಂದರೆ ನಲವತ್ತು ಯೂನಿಟ್ ವ್ಯತ್ಯಾಸ. ನಲವತ್ತು ಯೂನಿಟ್‌ಗೆ ಸಾವಿರದ ಮೇಲೆ ಹೇಗೆ ಏರುತ್ತದೆ? ಮೀಟರ್ ಕೆಟ್ಟಿದೆಯಾ? ಕಂಪನಿಯವರು ಇಂಟರ್ನೆಟ್‌ಗೆ ತಿಂಗಳಿಗೆ 1,000 ಕೊಡುತ್ತಾರೆ, ಕರೆಂಟಿಗೆ ಏನೂ ಇಲ್ಲ. ಕೇಳಬಹುದಾ? ಮಾಳಿಗೆ ಮೇಲೆ ಸೋಲಾರ್ ಹಾಕಿಸಿಬಿಡು ಅಂತ ಮಾವ ಹೇಳುತ್ತಿದ್ದಾರೆ. ಹಾಕಿಸಿದವರು ಯಾರಾದರೂ ಇದ್ದರೆ ನಿಜ ಹೇಳಿ.

ನಿವೃತ್ತ ಲೈನ್‌ಮನ್

ನೋಡವ್ವಾ, ಮೀಟರ್ ಕೆಟ್ಟಿಲ್ಲ. ನೀನು 200ರ ಗೆರೆ ದಾಟಿದ್ದೀ, ಅಷ್ಟೇ. ನಾನು ಮೂವತ್ತು ವರ್ಷ ಕಂಬ ಹತ್ತಿದವನು, ಈಗ ನವನಗರದಲ್ಲಿ ಮನೆಯಲ್ಲೇ ಇರುತ್ತೇನೆ. ಈ ಪ್ರಶ್ನೆ ನಮ್ಮ ಓಣಿಯಲ್ಲೇ ಹತ್ತು ಮಂದಿ ಕೇಳಿದ್ದಾರೆ, ಅದಕ್ಕೆ ಕೂತು ಬರೆಯುತ್ತಿದ್ದೇನೆ.

ಗೃಹಜ್ಯೋತಿ 2023ರ ಜುಲೈ ಬಳಕೆಯಿಂದ ಶುರುವಾಯ್ತು. '200 ಯೂನಿಟ್ ಫ್ರೀ' ಅಂತ ಎಲ್ಲರ ಬಾಯಲ್ಲೂ ಇದೆ, ಆದರೆ ಎಲ್ಲರಿಗೂ 200 ಫ್ರೀ ಅಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದಕ್ಕೆ ಶೇ 10 ಸೇರಿಸಿ ಅಷ್ಟು ಮಾತ್ರ ನಿಮ್ಮ ಪಾಲು. 48 ಯೂನಿಟ್‌ಗಿಂತ ಕಡಿಮೆ ಸುಡುತ್ತಿದ್ದ ಸಣ್ಣ ಮನೆಗಳಿಗೆ ಆಮೇಲೆ, 2024ರಲ್ಲಿ, ಶೇ 10ರ ಬದಲು 10 ಯೂನಿಟ್ ಸೇರಿಸಿ ಕೊಟ್ಟರು. ಆ ಪಾಲಿನ ಮೇಲೆ, 200ರ ಒಳಗೆ ಬಳಸಿದರೆ ಹೆಚ್ಚಿಗೆ ಬಳಸಿದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ನಿನ್ನದೇ. ಒಂದನೇ ಯೂನಿಟ್‌ನಿಂದ.

ನಿನ್ನ ಬಿಲ್ ಹೀಗೆ ಬಿಡಿಸು. 2025ರ ಏಪ್ರಿಲ್‌ನಿಂದ ಮನೆಗಳಿಗೆ ಯೂನಿಟ್‌ಗೆ 5.80. 214 ಯೂನಿಟ್‌ಗೆ 1,241 ಆಯ್ತು. ನೌಕರರ ಪಿಂಚಣಿ, ಗ್ರಾಚ್ಯುಟಿ ಅಂತ ಅದೇ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ಸೇರಿದೆ, ಅದು 77. ಕರೆಂಟ್ ದರದ ಮೇಲೆ ಶೇ 9 ತೆರಿಗೆ, 112. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145, ನಿಮ್ಮ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇರಬೇಕು, ಬಿಲ್ಲಿನ ಮೇಲೆ ನೋಡು, ಅದು 435. ಎಲ್ಲ ಸೇರಿ 1,865. ಉಳಿದ ಐದಾರು ರೂಪಾಯಿ ತಿಂಗಳಿಂದ ತಿಂಗಳಿಗೆ ಹೆಚ್ಚು ಕಡಿಮೆ ಆಗುವ ಇಂಧನ ಹೊಂದಾಣಿಕೆ ಶುಲ್ಕ.

ಮಂದಿ ಯೂನಿಟ್ ದರ ಒಂದನ್ನೇ ನೋಡುತ್ತಾರೆ. ದರ 5.90 ಇದ್ದದ್ದು 5.80 ಆಯ್ತು ಅಂತ ಪೇಪರಿನಲ್ಲಿ ಬಂತು, ಸರಿ. ಆದರೆ ನಿಗದಿತ ಶುಲ್ಕ 120ರಿಂದ 145ಕ್ಕೆ ಹೋಗಿದ್ದನ್ನು ಬಿಲ್ ಕೈಗೆ ಬಂದ ಮೇಲೆ ನೋಡಿದವರೇ ಜಾಸ್ತಿ.

ಇನ್ನು ಮೀಟರ್ ಮೇಲೆ ಅನುಮಾನ ಇದ್ದರೆ ನೀನೇ ನೋಡಿಕೊಳ್ಳಬಹುದು. ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ 3200 ಅಂತ ಬರೆದಿದ್ದರೆ, 3200 ಸಲ ಮಿನುಗಿದರೆ ಒಂದು ಯೂನಿಟ್ ಅಂತ ಅರ್ಥ. ಕೆಲವದರಲ್ಲಿ 1600 ಇರುತ್ತದೆ, ನೋಡಿಕೊ. ಮನೆಯಲ್ಲಿ ಎಲ್ಲ ಆಫ್ ಮಾಡು. ಒಂದೇ ಒಂದು ಹಳೇ ಫ್ಯಾನ್ ಹಾಕು. ಗಡಿಯಾರ ಹಿಡಿದು ಒಂದು ನಿಮಿಷ ಎಣಿಸು. 3200ರ ಮೀಟರ್ ಆದರೆ ನಾಲ್ಕು ಸಲ ಮಿನುಗಬೇಕು, ಅಂದರೆ 75 ವ್ಯಾಟ್. ಹೀಗೆ ಒಂದೊಂದಾಗಿ ಹಾಕುತ್ತ ಹೋಗು. ಎಲ್ಲ ಆಫ್ ಇದ್ದಾಗಲೂ ಮಿನುಗಿದರೆ ಎಲ್ಲೋ ಸೋರುತ್ತಿದೆ ಅಂತ ತಿಳಿ. ಆಗ ಬಂದು ಇಲ್ಲಿ ಹೇಳು.

ಕೇಶ್ವಾಪುರದಾಕಿ

ಕಾಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಬಿಲ್ ತೆಗೆದು ನೋಡಿದೆ, ಲೋಡ್ 3 ಕಿಲೋವ್ಯಾಟೇ ಇದೆ. ನಮ್ಮ ಪಾಲು 79 ಯೂನಿಟ್. ಅಪ್ಪ ಅವ್ವ ಇಬ್ಬರೇ ಇದ್ದಾಗಿನ ಲೆಕ್ಕ ಅದು. ಈ ಭಾನುವಾರ ಮೀಟರ್ ಎಣಿಸುತ್ತೇನೆ.

ಸುಮ್ನೆ ಒಂದು ಮಾತು

ಕೋಪ ಮಾಡ್ಕೋಬೇಡಿ ಅಕ್ಕಾರ, ನೇರ ಹೇಳುತ್ತೇನೆ. ಬೆಂಗಳೂರಿನಲ್ಲಿ ಪಿಜಿಗೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಕೊಡುತ್ತಿದ್ದಿರಿ. ಅದು ಉಳಿಯಿತು. ಬಸ್ಸಿನ ಖರ್ಚು ಉಳಿಯಿತು. ಅವ್ವನ ಕೈ ರೊಟ್ಟಿ ಊಟ ಸಿಗುತ್ತಿದೆ. 1,871 ರೂಪಾಯಿ ಕಟ್ಟೋದು ನಿಮಗೆ ಅಷ್ಟು ಭಾರ ಅಲ್ಲ. ಗೃಹಜ್ಯೋತಿ ಮಾಡಿದ್ದು ಕೂಲಿ ಮಾಡೋ ಮನೆಗಳಿಗೆ, ಒಂದು ಬಲ್ಬು ಎರಡು ಫ್ಯಾನಿನ ಮನೆಗಳಿಗೆ. ಐಟಿ ಸಂಬಳದವರೂ ಅದಕ್ಕೇ ಕೈ ಚಾಚಿದರೆ ಹೇಗೆ? ನಾನು ಅಣ್ಣಿಗೇರಿಯವನು, ನಮ್ಮ ಮನೆಯಲ್ಲಿ 40 ಯೂನಿಟ್ ಮೇಲೆ ಹೋಗೋದೇ ಇಲ್ಲ.

ಸಪ್ತಾಪುರ ಮಾಳಿಗೆ

ಸೋಲಾರ್ ಬಗ್ಗೆ ಕೇಳಿದಿರಲ್ಲ, ನಾನು ಹಾಕಿಸಿದ್ದೇನೆ, ಧಾರವಾಡದಲ್ಲಿ. ಒಳ್ಳೆಯದು, ಕೆಟ್ಟದ್ದು ಎರಡೂ ಹೇಳುತ್ತೇನೆ.

ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾದದ್ದು. 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಜಾಸ್ತಿ ಹಾಕಿಸಿದರೆ 78,000 ಸಬ್ಸಿಡಿ. ನಾನು 3 ಹಾಕಿಸಿದೆ. ಮೊದಲು ಪೂರ್ತಿ ದುಡ್ಡು ನಾವೇ ಕೊಡಬೇಕು, ಇಲ್ಲವೇ ಬ್ಯಾಂಕ್ ಸಾಲ ತೆಗೆಯಬೇಕು, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತದೆ. ನನಗೆ ಎಲ್ಲ ಸೇರಿ 1,95,000 ಬಿತ್ತು, ಸಬ್ಸಿಡಿ ಕಳೆದರೆ 1,17,000. ಮಾಳಿಗೆಯಲ್ಲಿ ಮುನ್ನೂರು ಚದರಡಿಯಷ್ಟು ನೆರಳಿಲ್ಲದ ಜಾಗ ಬೇಕು. ನಮ್ಮ ಪಕ್ಕದವರ ತೆಂಗಿನ ಮರದ ನೆರಳು ಮಧ್ಯಾಹ್ನ ಮೂರಕ್ಕೆ ಎರಡು ಪ್ಯಾನೆಲ್ ಮೇಲೆ ಬೀಳುತ್ತದೆ, ಅದಕ್ಕೇ ಬಿಡಿ ಎಷ್ಟು ಚಿಂತೆ ಮಾಡಿದ್ದೇನೆ! ಮಾರ್ಚ್ ಏಪ್ರಿಲ್‌ನಲ್ಲಿ ದಿನಕ್ಕೆ 12-13 ಯೂನಿಟ್ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಧಾರವಾಡ ಗೊತ್ತಲ್ಲ, ವಾರಗಟ್ಟಲೆ ಜಿಟಿಜಿಟಿ, ಬಿಸಿಲೇ ಕಾಣಲ್ಲ. ಆಗ ನಾಲ್ಕು ಬಂದರೆ ಹೆಚ್ಚು.

ಈಗ ಯಾರೂ ಮೊದಲೇ ಹೇಳದ ವಿಷಯ. ಕರೆಂಟ್ ಹೋದರೆ ಈ ಸೋಲಾರ್ ಕೂಡ ನಿಲ್ಲುತ್ತದೆ! ನೆತ್ತಿ ಸುಡುವ ಬಿಸಿಲಿದ್ದರೂ ನಿಲ್ಲುತ್ತದೆ. ಲೈನ್ ಜೊತೆ ಸೇರಿಸಿದ ಸೋಲಾರ್ ಹಾಗೆಯೇ ಮಾಡಿರುತ್ತಾರೆ, ಯಾಕೆಂದರೆ ಕಂಬದ ಮೇಲೆ ರಿಪೇರಿ ಮಾಡುವವನಿಗೆ ನಮ್ಮ ಮಾಳಿಗೆಯ ಕರೆಂಟ್ ಹೊಡೆಯಬಾರದು. ನಾನು ಇದು ತಿಳಿಯದೆ ಹಳೇ ಇನ್ವರ್ಟರ್ ಬ್ಯಾಟರಿ ಮಾರಿಬಿಟ್ಟಿದ್ದೆ. ಮೇ ತಿಂಗಳ ಅಡ್ಡ ಮಳೆಗೆ ಗಾಳಿ ಬೀಸಿ ಕರೆಂಟ್ ಹೋದಾಗ ಕ್ಲೈಂಟ್ ಜೊತೆ ಮೀಟಿಂಗ್ ನಡುವೆಯೇ ಮಾಯವಾದೆ. ಮನೆಯಿಂದ ಕೆಲಸ ಮಾಡುವವರು ಇನ್ವರ್ಟರ್ ಬಿಡುವ ಹಾಗಿಲ್ಲ. ಇಲ್ಲವೇ ವೈಫೈ ರೌಟರ್‌ಗೆ ಸಣ್ಣ ಯುಪಿಎಸ್ ಸಿಗುತ್ತದೆ, ಕೈಯಲ್ಲಿ ಹಿಡಿಯುವಷ್ಟೇ ಇರುತ್ತದೆ, ಅದನ್ನಾದರೂ ಇಡಿ, ಲ್ಯಾಪ್‌ಟಾಪ್ ಹೇಗೂ ಎರಡು ಮೂರು ಗಂಟೆ ಬರುತ್ತದೆ.

ಇನ್ನೊಂದು. ನಿಮ್ಮದು ವರ್ಷದಲ್ಲಿ ಎರಡು ತಿಂಗಳು ಮಾತ್ರ 200 ದಾಟುವ ಮನೆ ಆದರೆ, ಲಕ್ಷ ರೂಪಾಯಿ ಹಾಕುವ ಮೊದಲು ಆ ಎರಡು ತಿಂಗಳನ್ನು ಸರಿ ಮಾಡಿಕೊಳ್ಳಿ. ನಮ್ಮದು ಜಂಟಿ ಕುಟುಂಬ, 300ರ ಕೆಳಗೆ ಇಳಿಯುತ್ತಲೇ ಇರಲಿಲ್ಲ, ಅದಕ್ಕೆ ನನಗೆ ಹೊಂದಿತು.

ಹಾವೇರಿ ಬಾಡಿಗೆದಾರ

ಸ್ವಂತ ಮನೆ ಇದ್ದವರು ಸೋಲಾರ್ ಮಾತಾಡುತ್ತೀರಿ. ನಮ್ಮಂಥವರ ಕಥೆ ಕೇಳಿ.

ನಾನು ಮನೆಯಲ್ಲೇ ಕೂತು ಇನ್ಶೂರೆನ್ಸ್ ಕಾಗದಪತ್ರ ಟೈಪ್ ಮಾಡುವ ಕೆಲಸ ಮಾಡುತ್ತೇನೆ. ಪುಟಕ್ಕೆ ಇಷ್ಟು ಅಂತ ದುಡ್ಡು. ಪಿಎಫ್ ಇಲ್ಲ, ಇಂಟರ್ನೆಟ್ ದುಡ್ಡೂ ಇಲ್ಲ. ಹಾವೇರಿಯಲ್ಲಿ ಕೆಳಗಿನ ಮನೆ ಮಾಲಕರದು, ಮೇಲಿನದು ನಮ್ಮದು. ಎರಡಕ್ಕೂ ಒಂದೇ ಆರ್‌ಆರ್ ನಂಬರ್, ಅಂದರೆ ಒಂದೇ ಕರೆಂಟ್ ಕನೆಕ್ಷನ್, ನಮಗೆ ಒಂದು ಸಬ್ ಮೀಟರ್. ಎರಡೂ ಮನೆ ಸೇರಿ ಪ್ರತಿ ತಿಂಗಳು 200 ದಾಟುತ್ತದೆ. ಹಾಗಾಗಿ ಅವರಿಗೂ ಇಲ್ಲ, ನಮಗೂ ಇಲ್ಲ. ಅದರ ಮೇಲೆ ಮಾಲಕರು ನಮ್ಮಿಂದ ಯೂನಿಟ್‌ಗೆ 10 ರೂಪಾಯಿ ತೆಗೆದುಕೊಳ್ಳುತ್ತಾರೆ. ಕೇಳಿದರೆ 'ಬೇಡ ಅಂದರೆ ಬೇರೆ ಮನೆ ನೋಡಿಕೊಳ್ಳಿ' ಅನ್ನುತ್ತಾರೆ. ಮನೆಯಲ್ಲಿ ಸಣ್ಣ ಕೂಸು ಇದೆ, ಎಲ್ಲಿ ಹೋಗೋದು?

ಇದಕ್ಕೂ ಮೊದಲು ರಾಣೆಬೆನ್ನೂರಿನಲ್ಲಿ ಇದ್ದಾಗ ನನ್ನ ಹೆಸರಲ್ಲೇ ಗೃಹಜ್ಯೋತಿ ಇತ್ತು. ಈಗ ಬೇರೆ ಮನೆ ಹುಡುಕುತ್ತಿದ್ದೇನೆ, ಸ್ವಂತ ಮೀಟರ್ ಇರುವುದೇ ಬೇಕು ಅಂತ. ಆದರೆ ನನ್ನ ಆಧಾರ್ ಇನ್ನೂ ಆ ಹಳೇ ಮೀಟರಿಗೇ ಜೋಡಣೆ ಆಗಿದೆ. ಏನು ಮಾಡಬೇಕು ಯಾರಿಗಾದರೂ ಗೊತ್ತಾ?

ಬೆಂಗಳೂರಿನಿಂದ ಬಂದವರ ಬಿಲ್ ಬಗ್ಗೆ ಮೇಲಿನ ಅಣ್ಣಾರು ಹೇಳಿದ್ದು ಸರಿ ಇರಬಹುದು. ಆದರೆ ಮನೆಯಿಂದ ಕೆಲಸ ಅಂದರೆ ಬರೀ ಐಟಿ ಅಲ್ಲ. ನಾವೂ ಇದ್ದೇವೆ.

ನಿವೃತ್ತ ಲೈನ್‌ಮನ್

ಹಾವೇರಿ ತಮ್ಮಾ, ಹಳೇ ಮೀಟರಿನಿಂದ ಬಿಡಿಸಿಕೊಳ್ಳಲು ಈಗ ದಾರಿ ಇದೆ. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಡಿ-ಲಿಂಕ್ ಅಂತ 2024ರಲ್ಲಿ ಬಂದಿದೆ. ಮೊದಲು ಅದು ಮಾಡು, ಆಮೇಲೆ ಹೊಸ ಮನೆಯ ನಂಬರಿಗೆ ಅರ್ಜಿ ಹಾಕು. ಹಿಂದಿನ ಬಳಕೆಯ ಲೆಕ್ಕ ಇಲ್ಲದ ಹೊಸ ಬಾಡಿಗೆದಾರರಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇ 10 ಸೇರಿಸಿ 58 ಯೂನಿಟ್ ಕೊಡುತ್ತಾರೆ. ದೊಡ್ಡದಲ್ಲ, ಆದರೆ ಸೊನ್ನೆಗಿಂತ ಭಾಳ ಮೇಲು. ಒಂದು ಮೀಟರಿಗೆ ಒಂದೇ ಲಾಭ, ಅದಕ್ಕೇ ಮನೆ ಹಿಡಿಯುವಾಗ ಬೇರೆ ಆರ್‌ಆರ್ ನಂಬರ್ ಇದೆಯಾ ಅಂತ ಮೊದಲು ಕೇಳು, ನೀರು ಬರುತ್ತದಾ ಅಂತ ಕೇಳುವ ಹಾಗೆ. ಏನಾದರೂ ತೊಡಕಾದರೆ ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡು.

ಬೆಟಗೇರಿ ಮಗ್ಗ

ಗದಗ-ಬೆಟಗೇರಿಯಿಂದ. ಮನೆಯಿಂದ ಕೆಲಸ ಅನ್ನೋದು ಹೊಸದು ಅಂತ ಮಾತಾಡುತ್ತಿದ್ದೀರಿ, ನಮ್ಮ ಓಣಿಯಲ್ಲಿ ಅಜ್ಜನ ಕಾಲದಿಂದ ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ. ಮಲಗುವ ಕೋಣೆ ಒಂದು ಕಡೆ, ಮಗ್ಗದ ಕುಣಿ ಒಂದು ಕಡೆ.

ನಮ್ಮ ಅವ್ವ ಈಗ ಮಗ್ಗ ಬಿಟ್ಟು ಹೊಲಿಗೆ ಮಾಡುತ್ತಾಳೆ, ಮೋಟಾರ್ ಹಾಕಿದ ಮಷಿನ್. ಯಾರೋ ಬಂದು 'ಮನೆಯಲ್ಲಿ ದಂಧೆ ಮಾಡಿದರೆ ಕಮರ್ಷಿಯಲ್ ಮೀಟರ್ ಹಾಕುತ್ತಾರೆ, ಗೃಹಜ್ಯೋತಿ ಹೋಗುತ್ತದೆ' ಅಂತ ಹೆದರಿಸಿದರು. ಅವಳು ಎರಡು ತಿಂಗಳು ಮೋಟಾರ್ ಬಿಚ್ಚಿಟ್ಟು ಕಾಲಲ್ಲೇ ತುಳಿದಳು. ಮೊಣಕಾಲು ಬಾತು ಡಾಕ್ಟರ್ ಹತ್ತಿರ ಹೋದಾಗಲೇ ನನಗೆ ಗೊತ್ತಾದದ್ದು. ಆಮೇಲೆ ನಾನು ದರದ ಆದೇಶವನ್ನೇ ಹುಡುಕಿ ಓದಿದೆ. ವಾಸದ ಮನೆಯ ಒಂದು ಭಾಗದಲ್ಲಿ ಮನೆಯವರೇ ಕೈಮಗ್ಗ, ಹೊಲಿಗೆ, ಟೈಪಿಂಗ್, ಅಕ್ಕಸಾಲಿ ಕೆಲಸ ಮಾಡಿದರೂ ಮನೆ ದರವೇ. ಬ್ಯೂಟಿ ಪಾರ್ಲರ್, ಕಂಪ್ಯೂಟರ್ ಕೂಡ ಆ ಪಟ್ಟಿಯಲ್ಲಿವೆ. ಅಂಗಡಿ ಬಾಗಿಲು ತೆಗೆದು ವ್ಯಾಪಾರ ಮಾಡೋದು ಬೇರೆ ಮಾತು. ಈ ವಿಷಯ ಹತ್ತು ಮಂದಿಗೆ ಹೇಳಿ, ದಯವಿಟ್ಟು. ಇದು ಗೊತ್ತಿಲ್ಲದೆ ಹೆದರಿ ಕೂತವರು ಎಷ್ಟು ಮಂದಿಯೋ.

ಸಂಜೆ ನಮ್ಮ ಮಾಳಿಗೆ ಹತ್ತಿದರೆ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ಸಾಲಾಗಿ ತಿರುಗೋದು ಕಾಣುತ್ತದೆ. ನಮ್ಮ ಜಿಲ್ಲೆಯ ಗಾಳಿಯಿಂದ ಕರೆಂಟ್ ಹುಟ್ಟುತ್ತದೆ. ಅವ್ವ ಮಷಿನ್ ಮೋಟಾರಿಗೆ ಹೆದರುವ ಪರಿಸ್ಥಿತಿ ಬರಬಾರದಿತ್ತು ಅಂತ ಆಗೆಲ್ಲ ಅನಿಸುತ್ತದೆ.

ಇಂಡಕ್ಷನ್ ತಂದವರು

ಒಂದೇ ಮಾತು. ಏಪ್ರಿಲ್‌ನಲ್ಲಿ ಸಿಲಿಂಡರ್ ಮೇಲೆ 50 ರೂಪಾಯಿ ಏರಿತಲ್ಲ, ಅದಕ್ಕೆ ಗ್ಯಾಸ್ ಉಳಿಸೋಣ ಅಂತ ಇಂಡಕ್ಷನ್ ಒಲೆ ತಂದೆವು. ಅನ್ನ, ಸಾರು, ಚಹಾ ಎಲ್ಲ ಅದರ ಮೇಲೇ. ಆ ತಿಂಗಳು 206 ಯೂನಿಟ್. ಅಕ್ಕಾರ, ನಿಮ್ಮ ಮನೆಯಲ್ಲೂ ಇಂಡಕ್ಷನ್ ಇದ್ದರೆ ಬೇಸಿಗೆಯಲ್ಲಿ ಎತ್ತಿಡಿ.

ಕೇಶ್ವಾಪುರದಾಕಿ

ಭಾನುವಾರ ಮೀಟರ್ ಎಣಿಸಿದೆ. ಅಪ್ಪ ಕೈಗಡಿಯಾರ ಹಿಡಿದು ನಿಂತರು, ಅವ್ವ ಒಳಗಿನಿಂದ ಒಂದೊಂದೇ ಸ್ವಿಚ್ ಹಾಕಿದಳು, ನಾನು ಸ್ಟೂಲ್ ಮೇಲೆ ನಿಂತು ಎಣಿಸಿದೆ. ನಮ್ಮದು 3200ರ ಮೀಟರ್.

ಮೊದಲು ಎಲ್ಲ ಆಫ್ ಮಾಡಿಸಿದೆ. ಫ್ರಿಜ್ ಕೂಡ. ದೀಪ ಮಿನುಗುತ್ತಲೇ ಇತ್ತು, ನಿಮಿಷಕ್ಕೆ ಮೂರು ಸಲ! ನನಗೆ ಗಾಬರಿ. ಅಪ್ಪನೇ ನೆನಪಿಸಿಕೊಂಡು ಇನ್ವರ್ಟರ್ ಪ್ಲಗ್ ಕಿತ್ತರು. ತಕ್ಷಣ ನಿಂತಿತು. ಆರು ವರ್ಷದ ಹಳೇ ಬ್ಯಾಟರಿ, ಚಾರ್ಜ್ ಹಿಡಿಯುತ್ತಲೇ ಇಲ್ಲ, ಹಗಲು ರಾತ್ರಿ ಕುಡಿಯುತ್ತಲೇ ಇದೆ. ನಿಮಿಷಕ್ಕೆ ಮೂರು ಅಂದರೆ 56 ವ್ಯಾಟ್, ತಿಂಗಳಿಗೆ 40 ಯೂನಿಟ್. ಮುಟ್ಟಿ ನೋಡಿದರೆ ಬ್ಯಾಟರಿ ಬೆಚ್ಚಗಿತ್ತು. ಮನೆಯಲ್ಲಿ ಒಬ್ಬರೂ ಬಳಸದ 40 ಯೂನಿಟ್‌ಗೆ ನಾವು ದುಡ್ಡು ಕೊಡುತ್ತಿದ್ದೆವು.

ಆಮೇಲೆ ನನ್ನ ಟೇಬಲ್. ಲ್ಯಾಪ್‌ಟಾಪ್, ಮಾನಿಟರ್, ರೌಟರ್, ಟ್ಯೂಬ್‌ಲೈಟ್, ಮೇಲಿನ ಹಳೇ ಫ್ಯಾನ್ ಎಲ್ಲ ಸೇರಿ ನಿಮಿಷಕ್ಕೆ ಹತ್ತು. ದಿನಕ್ಕೆ 9 ಗಂಟೆ, ತಿಂಗಳಿಗೆ 22 ದಿನ ಅಂತ ಹಿಡಿದರೆ 37 ಯೂನಿಟ್. ಅಂದರೆ ನನ್ನ ಕೆಲಸದ ಕರೆಂಟ್ ತೆರಿಗೆ ಎಲ್ಲ ಸೇರಿ 250 ರೂಪಾಯಿ ಹತ್ತಿರ, ಅಷ್ಟೇ. ಆದರೆ ಆ 37 ಯೂನಿಟ್ ಇಲ್ಲದಿದ್ದರೆ ನಾವು 177ರಲ್ಲಿ ಇರುತ್ತಿದ್ದೆವು. ಗೆರೆ ದಾಟುತ್ತಿರಲಿಲ್ಲ. ಬಿಲ್ 650ರ ಆಸುಪಾಸು ಮುಗಿಯುತ್ತಿತ್ತು. 250 ರೂಪಾಯಿಯ ಕರೆಂಟ್‌ಗೆ ನಮ್ಮ ಮನೆ 1,200 ಕಟ್ಟಿದೆ.

ಅಣ್ಣಿಗೇರಿ ಅಣ್ಣಾರ, ನಿಮ್ಮ ಮಾತು ಓದಿ ಎರಡು ದಿನ ಯೋಚಿಸಿದೆ. ಪಿಜಿ ದುಡ್ಡು ಉಳಿದದ್ದು ನಿಜ, ನನ್ನ ಸಂಬಳಕ್ಕೆ ಈ ಬಿಲ್ ಹೊರೆಯಲ್ಲ, ಕಟ್ಟಿದ್ದೇನೆ. ನನಗೆ ಜಾಸ್ತಿ ಫ್ರೀ ಕೊಡಿ ಅಂತ ನಾನು ಕೇಳುತ್ತಿಲ್ಲ. 2022-23ರಲ್ಲಿ ಮನೆ ಹೇಗಿತ್ತೋ ಹಾಗೇ ಇರುತ್ತದೆ ಅಂತ ಲೆಕ್ಕ ಕಟ್ಟಿದ್ದಾರೆ, ಅದು ತಪ್ಪು ಅಂತ ಅನಿಸುತ್ತದೆ. ಮಕ್ಕಳು ವಾಪಸ್ ಬಂದರು, ಸೊಸೆ ಬಂದಳು, ಕೆಲಸ ಆಫೀಸಿನಿಂದ ಪಡಸಾಲೆಗೆ ಬಂತು. ಆ ಹಾವೇರಿಯವರು ಪುಟದ ಲೆಕ್ಕದಲ್ಲಿ ದುಡಿಯುತ್ತಾರೆ, ಬೆಟಗೇರಿಯ ಅವ್ವ ಮಷಿನ್ ತುಳಿಯುತ್ತಾರೆ. ಒಂದು ಯೂನಿಟ್ ಹೆಚ್ಚಾದರೆ ಪೂರ್ತಿ ಬಿಲ್ ಬೀಳುವ ಗೆರೆ ಅಂಥವರ ಮನೆಯಲ್ಲಿ ಏನು ಮಾಡುತ್ತದೆ ಅಂತ ಯೋಚಿಸಿ. 200 ದಾಟಿದ ಮೇಲೂ ಅವರವರ ಪಾಲು ಬಿಟ್ಟು ಉಳಿದದ್ದಕ್ಕೆ ದುಡ್ಡು ತೆಗೆದುಕೊಂಡರೆ ಯಾರೂ ತಕರಾರು ಮಾಡಲ್ಲ.

ಕಂಪನಿಗೆ ಮೇಲ್ ಬರೆದಿದ್ದೇನೆ. ಮಿನುಗಿನ ಲೆಕ್ಕ, ಬಿಲ್ ಎರಡೂ ಸೇರಿಸಿ. ಆ ಮಹಡಿಯಲ್ಲಿ ಎಂಬತ್ತು ಮಂದಿ ಕೂರುತ್ತಿದ್ದೆವು, ದಿನವಿಡೀ ಎಸಿ ಓಡುತ್ತಿತ್ತು. ಆ ಖರ್ಚು ಅವರಿಗೆ ಉಳಿದಿದೆ, ಎಂಬತ್ತು ಮನೆಗಳಲ್ಲಿ ಹಂಚಿಹೋಗಿದೆ. ತಿಂಗಳಿಗೆ 300 ಕೊಡಿ ಅಂತ ಕೇಳಿದ್ದೇನೆ. ಟೀಮಿನ ಹನ್ನೊಂದು ಮಂದಿ ಅದೇ ಮೇಲ್‌ನಲ್ಲಿ ತಮ್ಮ ಬಿಲ್ ಸೇರಿಸಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.

ಸೋಲಾರ್ ಸದ್ಯಕ್ಕೆ ಬೇಡ ಅಂತ ಅಪ್ಪನೂ ನಾನೂ ಮಾತಾಡಿಕೊಂಡೆವು. ಹಳೇ ಬ್ಯಾಟರಿ ಕೊಟ್ಟು ಹೊಸದು ತರುತ್ತೇವೆ. ನನ್ನ ಟೇಬಲ್ ಮೇಲಿನ ಸೀಲಿಂಗ್ ಫ್ಯಾನ್ ಬದಲಿಸಿ ಕಡಿಮೆ ಕರೆಂಟ್ ಸುಡುವ ಬಿಎಲ್‌ಡಿಸಿ ಫ್ಯಾನ್ ಹಾಕಿದ್ದೇವೆ, 30 ವ್ಯಾಟ್‌ನದು. ಅಪ್ಪ ಈಗ ದಿನಾ ಬೆಳಿಗ್ಗೆ ಚಹಾ ಕುಡಿದು ಮೀಟರ್ ನೋಡಿ ಕ್ಯಾಲೆಂಡರ್‌ನ ಆ ದಿನದ ಚೌಕದಲ್ಲಿ ಅಂಕಿ ಬರೆಯುತ್ತಾರೆ. ನಿನ್ನೆ 5, ಮೊನ್ನೆ 6.

ಕಾಕಾ, ಒಂದು ಕೇಳೋದಿತ್ತು. ಹೊಸ ಬ್ಯಾಟರಿ ತರುವಾಗ 150 ಎಎಚ್ ಸಾಕಾ? ಒಂದು ಫ್ಯಾನ್, ಒಂದು ಲೈಟ್, ರೌಟರ್, ಲ್ಯಾಪ್‌ಟಾಪ್ ಇಷ್ಟೇ.

ನಿವೃತ್ತ ಲೈನ್‌ಮನ್

ಸಾಕವ್ವಾ, ಧಾರಾಳ ಆಯ್ತು. ಆ ಲೋಡಿಗೆ ಆರೇಳು ಗಂಟೆ ಎಲ್ಲೂ ಹೋಗಲ್ಲ. ಬ್ಯಾಟರಿಯಲ್ಲಿ ನೀರು ಮಾತ್ರ ಎರಡು ಮೂರು ತಿಂಗಳಿಗೊಮ್ಮೆ ನೋಡು, ನಲ್ಲಿ ನೀರು ಹಾಕಬೇಡ, ಡಿಸ್ಟಿಲ್ಡ್ ನೀರೇ ಹಾಕು. ಹಳೇದು ನಲ್ಲಿ ನೀರಿಗೇ ಹಾಳಾಗಿರಬೇಕು, ಅಪ್ಪನ್ನ ಕೇಳಿ ನೋಡು.